ಆ ಉಕ್ಕಿನ ತುಂಡೂ ಮದ್ದುಗುಂಡೇ

ಬೆಂಗಳೂರಿನ ನನ್ನ ಗೆಳೆಯರಲ್ಲಿ ಕೆಲವರಿಗೆ ಹೊಸ ಹುಚ್ಚು ಹತ್ತಿದೆ. ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ಅಮೆರಿಕದವರು ತಮ್ಮ ಗ್ಯಾರೇಜಿನಲ್ಲಿ ಕೂತು ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವ ವಿಡಿಯೊಗಳನ್ನು ನೋಡುತ್ತಾರೆ. ಹಿತ್ತಾಳೆ ಕೊಳವೆ, ಪ್ರೆಸ್ಸಿನ ಹಿಡಿ, ಟಕ್ ಅಂತ ಒಂದು ಸದ್ದು. ಸೋಮವಾರ ಊಟದ ಹೊತ್ತಿಗೆ ಕಾರ್ಬೈಡ್ ಡೈ ಮೇಲೋ ಉಕ್ಕಿನದು ಮೇಲೋ ಅಂತ ಜಗಳ. ಇವರಲ್ಲಿ ಒಬ್ಬನ ಮನೆಯಲ್ಲಷ್ಟೇ ಕೋವಿಯ ಲೈಸೆನ್ಸ್ ಇದೆ, ಅದೂ ಅಜ್ಜನ ಕಾಲದ 12 ಬೋರಿಗೆ. ನೋಡಲಿ ಬಿಡಿ, ಖುಷಿಪಡಲಿ. ಆದರೆ ಈಚೆಗೆ ಇವರ ಬಾಯಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತಿವೆ. ಒಂದು: "ಡೈ ಅಂದ್ರೆ ಬರೀ ಉಕ್ಕಿನ ತುಂಡು ಕಣೋ, ತರಿಸಿದ್ರೆ ಯಾರು ಕೇಳ್ತಾರೆ?" ಇನ್ನೊಂದು: "1857ರಲ್ಲಿ ನಮ್ಮೋರು ಕೊಬ್ಬು ಕೊಬ್ಬು ಅಂತ ಬಡಿದಾಡಿ ಸತ್ರು, ಟೆಕ್ನಾಲಜಿ ಅರ್ಥ ಆಗ್ಲಿಲ್ಲ."

ಎರಡೂ ತಪ್ಪು. ನನ್ನ ಪ್ರಕಾರ ಎರಡೂ ಒಂದೇ ಬೇರಿನಿಂದ ಹುಟ್ಟಿದ ತಪ್ಪು. ತೋಟಾ ಅನ್ನೋದು ಬರೀ ಒಂದು ವಸ್ತು, ಅದನ್ನು ತಯಾರಿಸುವ ಹಕ್ಕು ಯಾರದು ಎಂಬ ಪ್ರಶ್ನೆ ಅದರ ಜೊತೆಗೆ ಬರೋದೇ ಇಲ್ಲ ಎಂದು ಇವರು ನಂಬಿದ್ದಾರೆ. ಸುರಪುರ ಸೀಮೆಯಲ್ಲಿ ಕಾಲಿಟ್ಟ ಯಾರಿಗೂ ಈ ನಂಬಿಕೆ ಉಳಿಯಬಾರದು.

ಮೊದಲು ಉಕ್ಕಿನ ತುಂಡಿನ ವಿಷಯ. ಕಡತದಲ್ಲಿ ಆಯುಧ ಅಧಿನಿಯಮ, ಪೊಲೀಸ್ ಠಾಣೆಯಲ್ಲಿ ಆರ್ಮ್ಸ್ ಆ್ಯಕ್ಟ್ ಎಂದು ಕರೆಸಿಕೊಳ್ಳುವ 1959ರ ಕಾಯ್ದೆ ತೆರೆದು ಎರಡನೇ ಸೆಕ್ಷನ್ ಓದಿ. ಮದ್ದುಗುಂಡು ಎಂದರೇನು ಎಂಬ ವ್ಯಾಖ್ಯಾನ ಅಲ್ಲಿದೆ. ರಾಕೆಟ್ಟು, ಬಾಂಬು, ಗ್ರೆನೇಡುಗಳಿಂದ ಶುರುವಾಗುವ ಆ ಪಟ್ಟಿಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. ಅಂದರೆ ಒಂದು ಚಿಟಿಕೆ ಮದ್ದೂ ಇಲ್ಲದ, ಸೀಸದ ಚೂರೂ ಇಲ್ಲದ, ಹೆಬ್ಬೆರಳು ಗಾತ್ರದ ಆ ಡೈಯನ್ನು ಕಾನೂನು ಮದ್ದುಗುಂಡು ಎಂದು ಓದಿಕೊಳ್ಳಬಹುದು. ಮೂರನೇ ಸೆಕ್ಷನ್ ಇಟ್ಟುಕೊಳ್ಳುವುದರ ಬಗ್ಗೆ, ಐದನೆಯದು ತಯಾರಿಕೆ ಮತ್ತು ಮಾರಾಟದ ಬಗ್ಗೆ. ಕೋವಿಯ ಲೈಸೆನ್ಸ್ ಕಿಸೆಯಲ್ಲಿದೆ ಎಂದ ಮಾತ್ರಕ್ಕೆ ತೋಟಾ ತಯಾರಿಸುವ ಪರವಾನಗಿ ಬಂದಂತಲ್ಲ. ಪರವಾನಗಿಯಿಲ್ಲದ ತಯಾರಿಕೆಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಬಿಡಿಭಾಗ ಒಂಟಿಯಾಗಿದ್ದು, ಅದನ್ನು ಮಿಕ್ಕ ಭಾಗಗಳ ಜೊತೆ ಬಳಸುವ ಉದ್ದೇಶ ಇಲ್ಲದಿದ್ದರೆ 45ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಕಿಂಡಿ ಇದೆ ನಿಜ. ಆದರೆ ಪ್ರೆಸ್ಸು, ಡೈ, ತಕ್ಕಡಿ ಮೂರನ್ನೂ ಮೇಜಿನ ಮೇಲೆ ಜೋಡಿಸಿಟ್ಟುಕೊಂಡು "ಬಳಸೋ ಉದ್ದೇಶ ಇರ್ಲಿಲ್ಲ ಸಾರ್" ಅಂದರೆ ಇನ್‌ಸ್ಪೆಕ್ಟರು ನಕ್ಕಾರು. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾಕ್ಕೆ ವಿಮಾನ ನಿಲ್ದಾಣದಲ್ಲಿ ಕೇಸು ಹಾಕಿಸಿಕೊಂಡು, ಅದು ನನ್ನ ಹತ್ತಿರ ಇದ್ದದ್ದೇ ಗೊತ್ತಿರಲಿಲ್ಲ ಎಂದು ರುಜುವಾತು ಮಾಡಲು ಹೈಕೋರ್ಟಿನವರೆಗೆ ಹೋದವರಿದ್ದಾರೆ. ಕೀಚೈನಿಗೆ ತೋಟಾ ಕಟ್ಟಿಕೊಳ್ಳುವ ಶೋಕಿಯವರೂ ಇದನ್ನು ಓದಿಕೊಳ್ಳಲಿ.

ಕಾನೂನು ಹೀಗೆ ಬಿಗಿಯಾಗಿರೋದು ಸರಿಯೇ? ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ಈ ಜಗಳ ನಡೆಯುತ್ತಿರುವ ಡೈ ಏನು ಮಾಡುತ್ತದೆ ಅನ್ನೋದನ್ನು ನೋಡೋಣ. ವಿಡಿಯೊ ಪಂಡಿತರು ಅಲ್ಲೂ ಎಡವಿದ್ದಾರೆ.

ಭೀಮರಾಯನಗುಡಿ ಗೊತ್ತಿಲ್ಲದವರಿಗೆ: ಶಹಾಪುರದ ಮಗ್ಗುಲಲ್ಲಿ, ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಬೆಳೆದ ಕ್ಯಾಂಪು. ಕಾಲುವೆ ಕಚೇರಿಗಳು, ಕ್ವಾರ್ಟರ್ಸು, ಗೇಟು ಪಂಪುಗಳ ರಿಪೇರಿ. ಅಲ್ಲಿ ಲೇತ್ ಮೇಲೆ ಬದುಕು ಸವೆಸಿದ ಒಬ್ಬ ಹಿರಿಯ ಟರ್ನರ್‌ಗೆ ಸೈಜಿಂಗ್ ಡೈಯ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿ, "ಪಂಪಿನ ಬುಶ್ ಇದ್ದಂಗ ಅದರಿ ಇದು. ಒಳಗ ರೀಮರ್ ಹೊಡದು ಪಾಲಿಶ್ ಮಾಡಬೇಕು. ಒಂದು ದಿನದ ಕೆಲಸ," ಅಂದರು. ತುಸು ತಡೆದು, "ಆದ್ರ ಯಾವ ನಳಗಿಗಿ ಅಂತ ಮೊದಲ ಹೇಳ್ರಿ. ನಳಗಿ ನೋಡದ ಅಚ್ಚು ಮಾಡಬಾರದರಿ."

ಇಡೀ ವಿದ್ಯೆ ಆ ಕೊನೆಯ ಮಾತಿನಲ್ಲಿದೆ. ತೋಟಾ ಸಿಡಿದಾಗ ಹಿತ್ತಾಳೆ ಉಬ್ಬಿ ಕೋವಿಯ ಗೂಡಿನ ಗೋಡೆಗೆ ಅಂಟುತ್ತದೆ, ಹಬೆ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಆಮೇಲೆ ಕೂದಲೆಳೆಯಷ್ಟು ಕುಗ್ಗುತ್ತದೆ. ಹೀಗೆ ಉಬ್ಬಿದ ಕೊಳವೆಯನ್ನು ಹಿಂಡಿ ಮತ್ತೆ ಅಳತೆಗೆ ತರುವುದು ಸೈಜಿಂಗ್ ಡೈ. ಚಕ್ಕುಲಿ ಒರಳಿನ ಅಚ್ಚು ಹಿಟ್ಟಿಗೆ ಮಾಡುವುದನ್ನೇ ಇದು ಹಿತ್ತಾಳೆಗೆ ಮಾಡುತ್ತದೆ ಅಂದುಕೊಳ್ಳಿ. ಎಷ್ಟು ಹಿಂಡಬೇಕು, ಎಲ್ಲಿಯವರೆಗೆ ಹಿಂಡಬೇಕು ಅನ್ನೋದು ತೋಟಾದ ಜಾತಿಯ ಮೇಲೆ ಹೋಗುತ್ತದೆ.

ಜಾತಿ ಎರಡು. .303, .315 ಇವೆಲ್ಲ ಕೊರಳಿರುವ ತೋಟಾಗಳು. ಹೊಟ್ಟೆ ದಪ್ಪ, ಭುಜ, ಆಮೇಲೆ ಸಣ್ಣ ಕೊರಳು, ಬಾಟಲಿಯಂತೆ. ಗುಂಡನ್ನು ಹಿಡಿಯೋದು ಕೊರಳು ಮಾತ್ರ. ಹಾಗಾಗಿ ಅದೇ ಕೋವಿಯಲ್ಲಿ ಮತ್ತೆ ಹಾರಿಸುವವರು ಕೊರಳಷ್ಟನ್ನೇ ಹಿಂಡಿ ಹೊಟ್ಟೆಯನ್ನು ಹಾಗೇ ಬಿಡಬಹುದು. ಇನ್ನೊಂದು ಜಾತಿ ನೇರ ಗೋಡೆಯದು. ಕೊರಳಿಲ್ಲ, ಭುಜವಿಲ್ಲ, ಸ್ಟೀಲ್ ಲೋಟದ ಹಾಗೆ ಬುಡದಿಂದ ಬಾಯಿತನಕ ಒಂದೇ ಇಳಿಜಾರು. ಕನ್ನಡ ಓದುಗರಿಗೆ ಇದರ ಪರಿಚಯ ಈಗಾಗಲೇ ಇದೆ. ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ನಾವೆಲ್ಲ ಓದಿರುವ ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಗಲಿಗೇರಿಸಿದ್ದ ಕೋವಿ ವಿಂಚೆಸ್ಟರ್ 1895 ಮಾದರಿಯ .405. ಆ ತೋಟಾ 1904ರಲ್ಲಿ ಬಂದದ್ದು, ಅಂಚುಳ್ಳ, ನೇರ ಗೋಡೆಯದು. ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ 12 ಬೋರಿನ ಇಡೀ ಹಿತ್ತಾಳೆಯ ತೋಟಾಗಳೂ ನೇರ ಗೋಡೆಯವೇ.

ಇಲ್ಲಿ ಬರೀ ಕೊರಳು ಹಿಂಡಿ ಸಾಕು ಎಂಬ ವಿಡಿಯೊ ಬುದ್ಧಿವಾದ ಅರ್ಥವಿಲ್ಲದ್ದು, ಕೊರಳೇ ಇಲ್ಲವಲ್ಲ! ಗುಂಡನ್ನು ಹಿಡಿಯೋದು ಗೋಡೆಯೇ. ಒಂಟಿ ಈಡಿನ ಕೋವಿ, ಅದೇ ಕೋವಿಯಲ್ಲಿ ಸಿಡಿದ ತೋಟಾ ಆದರೆ ಗುಂಡು ಕೂರುವ ಆಳದವರೆಗೆ ಮಾತ್ರ ಹಿಂಡಿ ನಿಲ್ಲಿಸಬಹುದು. ಹಿತ್ತಾಳೆ ಹೆಚ್ಚು ದಿನ ಬಾಳುತ್ತದೆ. ಆಂಡರ್ಸನ್‌ರ ಕೋವಿಯಂಥ ಲಿವರ್ ಎಳೆಯುವ ಬಂದೂಕಿಗೆ, ಜೋಡುನಳಿಗೆಗೆ, ಅಥವಾ ಒಂದೇ ತೋಟಾ ಎರಡು ಕೋವಿಗಳಲ್ಲಿ ತಿರುಗಾಡುವುದಾದರೆ, ಬುಡದವರೆಗೆ ಪೂರಾ ಹಿಂಡಲೇಬೇಕು. ಬಿಗಿಯಾದ ತೋಟಾವನ್ನು ಗೂಡಿಗೆ ಒತ್ತಿ ಕೂರಿಸುವ ಬಲ ಈ ಕೋವಿಗಳ ಬೀಗಕ್ಕೆ ಕಡಿಮೆ. ಅರ್ಧ ಕೂತ ತೋಟಾ ಇಟ್ಟುಕೊಂಡು ಹಂದಿಯ ಎದುರು ನಿಂತವನ ಕಷ್ಟ ಯಾರಿಗೂ ಬೇಡ.

ಇನ್ನು ಸೋಮವಾರದ ಆ ಕಾರ್ಬೈಡ್ ಜಗಳ. ಕಾರ್ಬೈಡ್ ಡೈಗೆ ಎಣ್ಣೆ ಹಚ್ಚಬೇಕಿಲ್ಲ, ಅದಕ್ಕೇ ಅದರ ಮೇಲೆ ಅಷ್ಟು ಮೋಹ. ಆದರೆ ಕೆಲಸ ಮಾಡುವುದು ಒಂದು ತೆಳು ಉಂಗುರ. ಗಿಡ್ಡ ಪಿಸ್ತೂಲು ತೋಟಾದ ಸಮಾಂತರ ಗೋಡೆಗೆ ಅದು ಸೊಗಸು. ಬುಡ ದಪ್ಪ, ಬಾಯಿ ಸಣ್ಣ ಇರುವ ಉದ್ದನೆಯ ರೈಫಲ್ ತೋಟಾವನ್ನು ಅದರಲ್ಲಿ ತೂರಿಸಿದರೆ, ಮೇಲಿಂದ ಕೆಳತನಕ ಒಂದೇ ಅಳತೆಗೆ ಹಿಂಡಿ ಇಳಿಜಾರನ್ನೇ ಅಳಿಸುತ್ತದೆ. ಬೇಡದ ಕಡೆ ಹಿಂಡಿದ ಹಿತ್ತಾಳೆ ಪೆಡಸಾಗುತ್ತದೆ, ಪೆಡಸಾದದ್ದು ಸೀಳುತ್ತದೆ. ಅಲ್ಲಿಗೆ ಪೂರಾ ಉದ್ದದ ಉಕ್ಕಿನ ಡೈಯೇ ಸರಿ. ಎಣ್ಣೆ ಹಚ್ಚಬೇಕು, ಹಚ್ಚದಿದ್ದರೆ ಕೊಳವೆ ಡೈಯಲ್ಲಿ ಸಿಕ್ಕಿಕೊಂಡು, ಅದನ್ನು ಕೀಳಲು ನಮ್ಮ ಟರ್ನರ್ ಸಾಹೇಬರೇ ಬೇಕು. ಮೂರು ಡೈ ಯಾಕೆ ಎಂದು ಕೇಳುವವರಿಗೆ: ಕೊರಳಿನ ತೋಟಾಕ್ಕೆ ಎರಡು ಸಾಕು. ನೇರ ಗೋಡೆಗೆ ನಡುವೆ ಇನ್ನೊಂದು ಬೇಕು, ಬಾಯಿಯನ್ನು ಗಂಟೆಯಂತೆ ಚೂರೇ ಅರಳಿಸಲು. ಅರಳಿಸದಿದ್ದರೆ ಹಿತ್ತಾಳೆಯ ಅಂಚು ಸೀಸದ ಗುಂಡನ್ನು ಕೆರೆಯುತ್ತದೆ. ಜಾಸ್ತಿ ಅರಳಿಸಿದರೆ ಬಾಯಿ ಒಡೆಯುತ್ತದೆ. ಮೂರನೆಯದು ಗುಂಡು ಕೂರಿಸಿ, ಅರಳಿದ ಬಾಯನ್ನು ಮತ್ತೆ ಮಡಚಿ ಬಿಗಿ ಹಿಡಿಸುತ್ತದೆ.

ಮತ್ತೆ, ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ. .405ರ ಗುಂಡು .411 ಇಂಚಿನ ಆಸುಪಾಸು. .450ರ ಗುಂಡು .458. ಹಳೆಯ ಕೋವಿಯಾದರೆ ಮೆದು ಸೀಸದ ತುಂಡನ್ನು ನಳಿಗೆಯಲ್ಲಿ ತಳ್ಳಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆಯುವುದೇ ದಾರಿ. ನಳಿಗೆ ನೋಡದೆ ಅಚ್ಚು ಮಾಡಬಾರದು ಎಂದ ಆ ಹಿರಿಯರು ಒಂದು ವಿಡಿಯೊವನ್ನೂ ನೋಡಿದವರಲ್ಲ.

ಈಗ ಕೊಬ್ಬಿನ ಕತೆಗೆ ಬನ್ನಿ. ಎನ್‌ಫೀಲ್ಡ್ 1853 ಮಾದರಿ ಕೋವಿಯ ನಳಿಗೆ .577 ಇಂಚು, ಅದರ ಮೊದಲ ಗುಂಡು .568. ನಡುವೆ ಉಳಿದದ್ದು 9 ಸಾವಿರಾಂಶ ಇಂಚು. ಅಷ್ಟರಲ್ಲಿ ಗುಂಡಿನ ಕಾಗದದ ಸುತ್ತೂ ಕೂರಬೇಕು, ಜಿಡ್ಡೂ ಕೂರಬೇಕು. ನಾಲ್ಕಾರು ಈಡು ಹಾರಿಸುವಷ್ಟರಲ್ಲಿ ಕರಿ ಮದ್ದಿನ ಕಿಟ್ಟ ಕಟ್ಟಿ ನಳಿಗೆ ಇನ್ನೂ ಕಿರಿದಾಗುತ್ತದೆ. ಜಿಡ್ಡಿಲ್ಲದೆ ಗಜದಿಂದ ಗುಂಡು ಇಳಿಯುವುದೇ ಇಲ್ಲ. ಆ ಜಿಡ್ಡಿಗೆ ಯಾವ ಪ್ರಾಣಿಯ ಕೊಬ್ಬು ಎಂಬುದನ್ನು ಸಿಪಾಯಿ ಕೇಳಿದ. ಕೇಳದೆ ಇರಬೇಕಿತ್ತೇ? ಬಾಯಲ್ಲಿ ಕಚ್ಚಿ ಹರಿಯಬೇಕಾದವನು ಅವನು. ಗುಂಡು ನಳಿಗೆಗೆ ಬಿಗಿಯಾಯಿತು ಎಂಬುದನ್ನು ಬ್ರಿಟಿಷರೇ ಆಮೇಲೆ ಒಪ್ಪಿ ವ್ಯಾಸವನ್ನು .55ಕ್ಕೆ ಇಳಿಸಿದರು, ಜಿಡ್ಡಿನ ಜಾಗಕ್ಕೆ ಜೇನುಮೇಣ ತಂದರು. ಟೆಕ್ನಾಲಜಿ ಅರ್ಥವಾಗದವರು ಯಾರು ಅಂತ ನೀವೇ ಲೆಕ್ಕ ಹಾಕಿ.

ಅದೂ ಉತ್ತರದ ಮಾತು. ನಮ್ಮ ಕಡೆ ಆ ಕೊಬ್ಬು ಕತೆಗೇ ಬರುವುದಿಲ್ಲ. ನವೆಂಬರ್ 1857ರಲ್ಲಿ ಹಲಗಲಿಯ ಬೇಡರು ಎದ್ದದ್ದು ಎನ್‌ಫೀಲ್ಡ್ ತೋಟಾ ಕಚ್ಚಲಾರೆವು ಎಂದಲ್ಲ; ಇದ್ದ ಹತಾರ ತಂದು ಒಪ್ಪಿಸಿ ಎಂಬ ಹುಕುಮಿಗೆ. ಆ ಲಾವಣಿಯನ್ನು ಶಾಲೆಯಲ್ಲಿ ಓದಿ ಅಂಕ ತೆಗೆದುಕೊಂಡವರೇ ಇಂದು ಕೊಬ್ಬಿನ ಜೋಕು ಹೇಳುತ್ತಾರೆ. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ.

ಸುರಪುರದ್ದು ಇನ್ನೂ ಹಳೆಯ ಲೆಕ್ಕ. 1705ರಲ್ಲಿ ಔರಂಗಜೇಬ ತಾನೇ ಬಂದು ವಾಗಣಗೇರಿಗೆ ಮುತ್ತಿಗೆ ಹಾಕಿದ. ಅವನು ಖುದ್ದು ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎದುರಿಗಿದ್ದವನು ಪಿಡ್ಡನಾಯಕ, ಅವನ ಬೆನ್ನಿಗೆ ಬೇಡರ ಬಂದೂಕಿನವರು. ಆ ಕಾಲದ ಬಂದೂಕುಗಳಿಗೆ ಕಾರ್ಖಾನೆಯ ಅಳತೆಯೇ ಇರಲಿಲ್ಲ. ಯಾವ ನಳಿಗೆಗೆ ಯಾವ ಗುಂಡು ಎಂಬುದನ್ನು ಇಕ್ಕಳದಂಥ ಸಣ್ಣ ಅಚ್ಚು ತೀರ್ಮಾನಿಸುತ್ತಿತ್ತು. ಸೀಸ ಕಾಯಿಸಿ ಹೊಯ್ಯಬೇಕು, ಬಟ್ಟೆಯ ಚೂರು ಸುತ್ತಿ ತುಂಬಬೇಕು. ನಳಿಗೆ ನೋಡಿ ಅಚ್ಚು! ಇಂಥ ಬಂದೂಕು ಹಿಡಿದವನಿಗೆ ಗುಂಡು ಕೊಡುವ ದಣಿ ಬೇಕಿಲ್ಲ. ದೊಡ್ಡ ಸೈನ್ಯಗಳಿಗೆ ಇವನು ತಲೆನೋವಾದದ್ದಕ್ಕೆ ಗುರಿಗಾರಿಕೆಯಷ್ಟೇ ಇದೂ ಕಾರಣ ಎಂದು ನನ್ನ ವಾದ.

ಹಾಗಾಗಿ 1858ರ ಫೆಬ್ರವರಿಯಲ್ಲಿ ಕಂಪನಿಯ ಸೈನ್ಯ ಸುರಪುರಕ್ಕೆ ಬಂದಾಗ ಅದು ಬರೀ ಒಬ್ಬ ತರುಣ ರಾಜನನ್ನು ಹಿಡಿಯಲು ಬಂದದ್ದಲ್ಲ. ಮೆಡೋಸ್ ಟೇಲರ್ ಹತ್ತಿರವಿದ್ದು ಬೆಳೆಸಿದ್ದ ರಾಜಾ ವೆಂಕಟಪ್ಪನಾಯಕ ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಮರಣದಂಡನೆ ಕೈದಾಗಿ ಇಳಿದು, ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ರಿವಾಲ್ವರಿನ ಗುಂಡಿಗೆ ತೀರಿಕೊಂಡ. ಆ ರಿವಾಲ್ವರ್ ಕಾವಲಿನ ಅಧಿಕಾರಿಯದು ಎಂದು ಟೇಲರ್ ಬರೆದಿದ್ದಾನೆ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1878ರಲ್ಲಿ ಲಿಟ್ಟನ್ನನ ಆಯುಧ ಕಾಯ್ದೆ ಬಂತು. ಭಾರತೀಯನಿಗೆ ಲೈಸೆನ್ಸು, ಯುರೋಪಿಯನ್ನನಿಗೆ ವಿನಾಯಿತಿ. 1907ರಲ್ಲಿ ಇನ್ನೊಂದು ತಮಾಷೆ. ರಿಗ್ಬಿ ಕಂಪನಿಯ .450 ಅಂತ ಒಂದು ದೊಡ್ಡ ಬೇಟೆಯ ತೋಟಾ ಇತ್ತು, 1898ರದು, ನೇರ ಗೋಡೆಯದೇ. ಸರ್ಕಾರ ಇಂಡಿಯಾದಲ್ಲಿ ಆ ಅಳತೆಯನ್ನೇ ನಿಷೇಧಿಸಿತು. ಕಾರಣ? ಪೊಲೀಸರು, ಸಿಪಾಯಿಗಳು ಹಿಡಿದಿದ್ದ, ಗಡಿಯಲ್ಲಿ ಕಳುವಾಗುತ್ತಿದ್ದ ಮಾರ್ಟಿನಿ ಹೆನ್ರಿ ಕೋವಿಯೂ .450. ದೊರೆಯ ಬೇಟೆತೋಟಾದ ಗುಂಡು ಕಿತ್ತು ನೇಟಿವ್ ಜನ ತಮ್ಮ ತೋಟಾಕ್ಕೆ ತುಂಬಿಕೊಂಡಾರು ಎಂಬ ಭಯ. ಲಂಡನ್ನಿನ ಕೋವಿ ಕಂಪನಿಗಳು ತಲೆ ಓಡಿಸಿ .465, .470 ಎಂದು ಕೂದಲೆಳೆ ದೊಡ್ಡ ಅಳತೆಗಳನ್ನು ಹುಟ್ಟಿಸಿದವು. ಜಗತ್ತಿನ ಬೇಟೆಗಾರರು ಇವತ್ತಿಗೂ ಹೊಗಳುವ .470 ಹುಟ್ಟಿದ್ದರ ಹಿಂದೆ ಇರುವುದು ನಮ್ಮ ಜನ ಎಲ್ಲಿ ರೀಲೋಡಿಂಗ್ ಕಲಿತಾರೋ ಎಂಬ ಅಂಜಿಕೆ! ಅದೇ ತರ್ಕದಲ್ಲಿ .303 ಇಂದಿಗೂ ಸಾರ್ವಜನಿಕರಿಗೆ ನಿಷಿದ್ಧ, ಅದರ ಬದಲು ಇಛಾಪುರದ ಕಾರ್ಖಾನೆಯ .315. ದೊರೆ ಹೋದ, ಅಳತೆಪಟ್ಟಿ ಉಳಿಯಿತು.

ಈಗಿನ ವಿಚಿತ್ರ ನೋಡಿ. ಮಲೆನಾಡಿನ ರೈತ ಬೆಳೆ ರಕ್ಷಣೆಗೆಂದು ಕೇಪಿನ ಕೋವಿಗೆ ಲೈಸೆನ್ಸ್ ಪಡೆಯುತ್ತಾನೆ. ಅದೇ ಲೈಸೆನ್ಸಿನ ಮೇಲೆ ಮಸಿ, ಕೇಪು ಕೊಳ್ಳುತ್ತಾನೆ, ಅಂದಾಜಿನಲ್ಲಿ ಅಳೆದು ನಳಿಗೆಗೆ ಸುರಿಯುತ್ತಾನೆ, ಗಜದಲ್ಲಿ ಗಿಡಿಯುತ್ತಾನೆ. ಕಾನೂನಿಗೆ ಅದು ಕೋವಿ ತುಂಬುವುದು. ಅವನ ಪಕ್ಕದ ಮನೆಯವನು ತೋಟಾ ಕೋವಿಗೆ ಲೈಸೆನ್ಸ್ ಇಟ್ಟುಕೊಂಡು, ತಕ್ಕಡಿಯಲ್ಲಿ ತೂಗಿ, ಡೈಯಲ್ಲಿ ಅಳತೆಗೆ ತಂದು ಹಿತ್ತಾಳೆ ತೋಟಾ ತುಂಬಿದರೆ ಅದು ತಯಾರಿಕೆ, 7 ವರ್ಷ. ಇಬ್ಬರಲ್ಲಿ ಹೆಚ್ಚು ಅಪಾಯಕಾರಿ ಕೆಲಸ ಯಾರದ್ದು? ಕೊಡಗಿನಲ್ಲಂತೂ ಜನಾಂಗ ಮತ್ತು ಜಮ್ಮಾ ಭೂಮಿಯ ಆಧಾರದ ಮೇಲೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೊಡವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಂಬಿಕೆಯ ಮೇಲೆ ಕೋವಿ ಕೊಟ್ಟ ನಾಡು ಕೆಟ್ಟುಹೋಗಿಲ್ಲ ಎಂಬುದನ್ನು ಅದು ತೋರಿಸುತ್ತದೆ, ಅಷ್ಟೇ. ಹಲಗಲಿ, ಸುರಪುರದವರಿಗೆ ಯಾಕೆ ಆ ನಂಬಿಕೆ ಸಿಗಲಿಲ್ಲ ಅನ್ನೋದಕ್ಕೆ ಉತ್ತರ ಹೇಳಬೇಕಿಲ್ಲವಷ್ಟೆ.

ಇದಕ್ಕೆ ಬಲವಾದ ಎದುರು ಮಾತೊಂದಿದೆ, ಅದನ್ನು ಹಾರಿಸಿ ಹೋಗಲಾರೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ವರ್ಷಗಳ ಅಂತರದ ಎರಡು ಕೊಲೆಗಳನ್ನು ಬೆಸೆದದ್ದು ಸ್ಥಳದಲ್ಲಿ ಸಿಕ್ಕ ಗುಂಡು ಮತ್ತು ಖಾಲಿ ತೋಟಾಗಳ ಮೇಲಿನ ಗೀರುಗಳು. ಖಾಲಿ ತೋಟಾ ಅಂದರೆ ಸಾಕ್ಷಿ. ಅದನ್ನು ಯಾರು ಬೇಕಾದರೂ ಒಯ್ದು ಡೈಗೆ ಹಾಕಿ ತಿರುಗಿ ತುಂಬುವಂತಾದರೆ, ಎಲ್ಲಿ ಸಿಡಿದ ತೋಟಾ ಎಲ್ಲಿ ಬಿತ್ತು ಎಂಬ ಲೆಕ್ಕವೇ ಗೋಜಲಾಗುತ್ತದೆ. ನನ್ನ ಭಾಷೆಯ ಇಬ್ಬರು ಬರಹಗಾರರು ಹೋದ ಮೇಲೆ "ಎಲ್ಲ ಬಿಟ್ಟುಬಿಡಿ" ಎನ್ನುವ ಅಮೆರಿಕದ ಧಾಟಿಯಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಆದರೆ ಅದೇ ಪ್ರಕರಣ ಇನ್ನೊಂದನ್ನೂ ಹೇಳುತ್ತದೆ. ನಾಡ ಪಿಸ್ತೂಲು ಮಾಡುವವನು ಸಾವಿರಾಂಶ ಇಂಚು ಲೆಕ್ಕ ಹಾಕಿ ಡೈ ಆರಿಸುವವನಲ್ಲ. ಹಂದಿಗೆ ಸಿಡಿಮದ್ದಿನ ಉಂಡೆ ಇಡುವವನಿಗೂ ಡೈ ಬೇಡ. ಕಾಯ್ದೆಯ ಈ ಮೂಲೆಗೆ ಹೆದರುವವನು ಯಾರು ಅಂದರೆ, ಫಾರ್ಮು ತುಂಬಿ, ಠಾಣೆಗೆ ಅಲೆದು, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿಟ್ಟು ರಸೀದಿ ಪಡೆಯುವ ಸಭ್ಯ ಲೈಸೆನ್ಸುದಾರ. ಅವನ ಹತ್ತಿರ .405 ಇದ್ದರೆ ಅದಕ್ಕೆ ಬಜಾರಿನಲ್ಲಿ ತೋಟಾ ಹುಡುಕುವುದರಲ್ಲೇ ವಯಸ್ಸು ಕಳೆಯುತ್ತದೆ. ಕಡೆಗೆ ಅಜ್ಜ ಬಿಟ್ಟುಹೋದ ಹಸಿರುಗಟ್ಟಿದ ತೋಟಾವನ್ನೇ ತುಂಬಿ ಕುದುರೆ ಎಳೆಯುತ್ತಾನೆ. ಅದು ಸಿಡಿಯದೆ ಉಳಿದರೆ, ಇಲ್ಲವೇ ಕ್ಷಣ ತಡೆದು ಸಿಡಿದರೆ, ಬೀಗ ತೆಗೆಯಲು ಹೋದವನ ಮುಖದ ಗತಿಯೇನು?

ಕೇಳುವುದು ಇಷ್ಟು. ಮನೆಮನೆಗೆ ಪ್ರೆಸ್ಸು ಬೇಡ. ಲೈಸೆನ್ಸ್ ಇರುವ ರೈಫಲ್ ಕ್ಲಬ್ಬುಗಳಲ್ಲಿ, ಜಿಲ್ಲೆಗೊಂದರಂತೆ ಒಂದು ಮೇಜು. ಡೈಗಳಿಗೆ ನಂಬರು, ಆ ನಂಬರು ಕ್ಲಬ್ಬಿನ ರಿಜಿಸ್ಟರಿನಲ್ಲಿ. ಸದಸ್ಯ ತನ್ನ ಲೈಸೆನ್ಸಿನಲ್ಲಿರುವ ಬೋರಿಗೆ ಮಾತ್ರ, ತಾನೇ ತಂದ ಖಾಲಿ ತೋಟಾಗಳನ್ನು ಎಣಿಸಿ ಕೊಟ್ಟು, ಎಣಿಸಿ ಪಡೆಯಬೇಕು. ಪ್ರತಿ ಕೋವಿಯ ನಳಿಗೆ ಒಮ್ಮೆ ಅಳೆದು ಬರೆದಿಡಬೇಕು. ತೋಟಾ ಕೊಳ್ಳುವಾಗ ಅಂಗಡಿಯವನು ಲೈಸೆನ್ಸಿನ ಬೆನ್ನಿಗೆ ಎಷ್ಟು ಎಂದು ಬರೆಯುವ ಪದ್ಧತಿ ಈಗಲೇ ಇದೆ. ಮೇಜಿನಲ್ಲಿ ತುಂಬಿದ್ದನ್ನೂ ಅಲ್ಲೇ ಬರೆಯಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ, ಐದನೇ ಸೆಕ್ಷನ್ನೇ ಪರವಾನಗಿ ಕೊಡಬಹುದು ಎನ್ನುತ್ತದೆ. ಬೇಕಾದದ್ದು ಕೊಡುವ ಮನಸ್ಸು, ಮತ್ತು ಕೇಳುವ ಜನ. ವಿಡಿಯೊ ನೋಡುವ ಗೆಳೆಯರೇ, ಡೈಗೆ ಆರ್ಡರ್ ಹಾಕೋ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಹಾಕಿ ನೋಡಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ.